ಶೇಂಗಾ ಹುರಿದ ತಗಡು

ಹಿರೇಕೆರೂರಿನಿಂದ ರಟ್ಟೀಹಳ್ಳಿಗೆ ಹೋಗುವ ರಸ್ತೆ ಬದಿಯ ಗ್ಯಾರೇಜು. ಮೂಡಲ ಈಗಷ್ಟೇ ಕೆಂಪಾಗುತ್ತಿದೆ. ಹಳೆಯ ಬಿಳಿ ಕಾರೊಂದು ಬಾಯಿ ತೆರೆದು ನಿಂತಿದ್ದು, ಅದರೊಳಗೆ ಸೊಂಟದವರೆಗೆ ಇಳಿದಿರುವವರು ಅಡಿವೆವ್ವ. ಹೊರಗೆ ಕಾಣುವುದು ಬಿಗಿದು ಸಿಕ್ಕಿಸಿದ ಸೆರಗು, ಎರಡು ಹವಾಯಿ ಚಪ್ಪಲಿ.

"ಯಕ್ಕಾ, ಮೇಸ್ತ್ರಿ ಎಲ್ಲಿ?" ದಾರಿಹೋಕನೊಬ್ಬ ಕೇಳುತ್ತಾನೆ.

"ಕಾರಿನ ಹೊಟ್ಟ್ಯಾಗ ಅದಾರ. ತಡೀರಿ, ಹೊರಗ ಬರ್ತಾರ!" ಬಾನೆಟ್ಟಿನೊಳಗಿನಿಂದ ಅಡಿವೆವ್ವನೇ ಉತ್ತರಿಸುತ್ತಾರೆ.

ಬೋರ್ಡಿನ ಮೇಲಿರುವುದು ಗಂಡ ಮೈಲಾರಿಯ ಹೆಸರು. ಜಾಕ್ ಜಾರಿ ಅವರ ಬೆನ್ನು ಪೆಟ್ಟು ತಿಂದ ಮೇಲೆ ಪಂಕ್ಚರ್ ಅವರದು, ಎಂಜಿನ್ ಈಕೆಯದು. ಹನ್ನೊಂದು ವರ್ಷವಾಯಿತು. ದಿನಕ್ಕೆ ಮೂರು ನಾಲ್ಕು ಗಾಡಿ ಬರುತ್ತವೆ, ಎಲ್ಲವೂ ಮುದಿ. ಮುದಿ ಕಾರಿನ ದೊಡ್ಡ ಶತ್ರು ಕಾವು. ಅಡಿವೆವ್ವ ಎಂಜಿನ್ನಿನ ರಬ್ಬರ್ ನೀರಿನ ಪೈಪು ಚಿವುಟುತ್ತಾರೆ. ಮೆತ್ತಗೆ ಮಣಿದರೆ ಇನ್ನೂ ಬಾಳುತ್ತದೆ. ಕಟಕ ರೊಟ್ಟಿಯಂತೆ ಸದ್ದು ಮಾಡಿದರೆ ಮುಗಿಯಿತು.

"ಎಲ್ಲಾ ಪೈಪು ಒಣಗಿದ್ರ ನೀರಿಂದು ತಕರಾರು. ಒಂದ ಮಗ್ಗಲ ಸುಟ್ಟಿದ್ರ, ಆ ಕಡೆ ಯಾರೋ ಒಲಿ ಹಚ್ಯಾರ ಅಂತ ತಿಳ್ಕೋಬೇಕು," ಎನ್ನುತ್ತಾರೆ.

ಇವತ್ತಿನ ಕಾರು ಮಾಸೂರಿನ ಜಮೀನುದಾರ ಶಂಭುಲಿಂಗ ಅವರದು. ಎಂಜಿನ್ ತಂಪು ಮಾಡುವ ಫ್ಯಾನಿನ ವೈರು ಸುಟ್ಟಿರುವುದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ "ವೈರಷ್ಟ ಹಾಕಿ ಬಿಡು" ಎಂದು ಹಾರ್ನ್ ಹೊಡೆಯುತ್ತ ಕುಳಿತಿದ್ದವರು, ಮೊನ್ನೆ ಎದುರಿನ ಪೀರಸಾಬನ ಚಹಾದಂಗಡಿಯಲ್ಲಿ ನಿಂತು ಇಡೀ ರಸ್ತೆಗೆ ಸಾರಿದ್ದರು: "ಹೆಣ್ಮಕ್ಕಳ ಕೈಯಾಗ ಎಂಜಿನ್ ಕೊಟ್ರ ಹಿಂಗ ಆಗೋದು!"

ಗಂಡಸು ರಿಪೇರಿ ಮಾಡಿದ ಕಾರು ಕೆಟ್ಟರೆ ತಪ್ಪು ಕಾರಿನದು. ಹೆಂಗಸು ಮಾಡಿದ್ದು ಕೆಟ್ಟರೆ ತಪ್ಪು ಹೆಂಗಸಿನ ಕುಲದ್ದೇ. ಈ ನ್ಯಾಯ ಬರೆದವರು ಬಾನೆಟ್ಟಿನೊಳಗೆ ಒಮ್ಮೆಯೂ ಕೈ ಇಟ್ಟವರಲ್ಲ. ಅಂದಿನಿಂದ ಮಾಸೂರಿನ ಗಾಡಿಗಳು ಈ ಕಡೆ ಮುಖ ಹಾಕಿಲ್ಲ. ಇವತ್ತೂ ಕಾರಣ ಸಿಗದಿದ್ದರೆ ಈ ಕಾರು ಹುಬ್ಬಳ್ಳಿಗೆ ಹೋಗುತ್ತದೆ, ಉಳಿದ ಗಿರಾಕಿಗಳೂ ಅದರ ಬೆನ್ನು ಹಿಡಿಯುತ್ತಾರೆ.

ಹಿಂದಿನ ಸೀಟಿನಲ್ಲಿ ಶಂಭುಲಿಂಗರ ತಾಯಿ ವೀರವ್ವ. ರಟ್ಟೀಹಳ್ಳಿಯ ತಂಗಿಯ ಮನೆಗೆ ಹೊರಟು, ಕಾರು ಕೆಟ್ಟು ಇಲ್ಲೇ ಸಿಕ್ಕಿಬಿದ್ದವರು ಚೀಲ ಬಿಚ್ಚಿ, "ತಗೋವಾ, ಹಸದ ಹೊಟ್ಟ್ಯಾಗ ಕೆಲಸ ಮಾಡಬಾರ್ದು," ಎಂದು ಹುರಿದ ಶೇಂಗಾ ಕೊಡುತ್ತಾರೆ. ಅಡಿವೆವ್ವ ಅಗಿಯುತ್ತಲೇ ಬಾಗುತ್ತಾರೆ. ವೈರಿನ ಒಂದೇ ಮಗ್ಗುಲು ಕರಗಿದೆ, ಹೊಗೆ ಹೋಗುವ ಬಿಸಿ ಕೊಳವೆಯ ಕಡೆಯದು. ಕೊಳವೆಯ ಮೇಲೆ ಬೋಲ್ಟಿಲ್ಲದ ಎರಡು ತೂತು.

"ಸಾವ್ಕಾರ್ರ, ಇಲ್ಲೆ ಕಾವು ತಡಿಯೋ ತಗಡು ಒಂದಿತ್ತಲ್ರಿ?"

"ಯಾವ ತಗಡು?" ಪಕ್ಕದಲ್ಲಿ ನಿಂತ ಶಂಭುಲಿಂಗ ಆಕಾಶ ನೋಡುತ್ತಾರೆ.

"ಗಡಗಡ ಅಂತೇತಿ ಅಂತ ನೀನ ಬಿಚ್ಚಿ ಹಿತ್ತಲಕ್ಕ ಒಗದಿಯಲ್ಲೋ!" ವೀರವ್ವ ನೆನಪಿಸುತ್ತಾರೆ. "ಭಾಳ ಚಲೋ ತಗಡು ನೋಡವಾ. ಒಂದ ಕಾಳೂ ಸೀಯಂಗಿಲ್ಲ. ಈಗ ತಿನ್ನಾಕತ್ತಿಯಲ್ಲ, ಅದರಾಗ ಹುರದದ್ದ!"

ಅಡಿವೆವ್ವನ ದವಡೆ ನಿಲ್ಲುತ್ತದೆ. ಸಾಕ್ಷಿಯಲ್ಲಿ ಅರ್ಧ ಆಗಲೇ ಹೊಟ್ಟೆ ಸೇರಿದೆ.

"ಅದನ್ನ ವಾಪಸ್ ಕೊಡ್ರಿ ಯವ್ವಾ."

"ಕೊಡಂಗಿಲ್ಲ! ಈಗ ಅದು ಒಲಿಗೆ ಹೊಂದೇತಿ."

ಮೈಲಾರಿ ನಗುತ್ತ ಗುಜರಿ ರಾಶಿಯಿಂದ ಬೇರೊಂದು ತಗಡು ಎಳೆದು ಕತ್ತರಿಸಿಕೊಡುತ್ತಾರೆ. ಅದನ್ನು ಬಿಗಿದು, ಹೊಸ ವೈರು ಹಾಕಿದ್ದಾಯಿತು. ಶಂಭುಲಿಂಗ ಜೇಬಿಗೆ ಕೈ ಹಾಕುತ್ತಾರೆ. ಅಡಿವೆವ್ವ ತಡೆಯುತ್ತಾರೆ.

"ರೊಕ್ಕ ಆಮ್ಯಾಲೆ. ಮೊನ್ನಿ ಎಲ್ಲಿ ನಿಂತಿದ್ರಿ, ಅಲ್ಲೇ ನಿಂತು ತಗಡು ಬಿಚ್ಚಿದವ್ರು ಯಾರಂತ ಹೇಳಿ ಬರ್ರಿ. ಬೋರ್ಡಿನ್ಯಾಗ ನನ್ನ ಹೆಸರು ಬ್ಯಾಡ್ರಿ. ತಪ್ಪು ಯಾರದೋ ಅವರ ಹೆಸರಿಗೆ ಹೋದ್ರ ಸಾಕು."

ಶಂಭುಲಿಂಗ ರಸ್ತೆ ದಾಟುತ್ತಾರೆ. ಚಹಾದ ಗ್ಲಾಸಿನೊಳಗೆ ಏನೋ ಗೊಣಗುತ್ತಾರೆ.

"ಕೇಳಸವಲ್ದು ಸಾವ್ಕಾರ್ರ! ಮೊನ್ನಿ ಧ್ವನಿ ಎಲ್ಲಿ ಇಟ್ಟು ಬಂದ್ರಿ?"

"ಜೋರಾಗಿ ಹೇಳೋ ಶಂಭ್ಯಾ, ನನಗ ಹೊತ್ತಾಗಾಕತ್ತೇತಿ!" ವೀರವ್ವ ಕಿಟಕಿಯಿಂದ ತಲೆ ಹಾಕುತ್ತಾರೆ.

"ತಗಡು ನಾನ ಬಿಚ್ಚಿದ್ದೆ!"

ಅಂಗಡಿಯ ಬೆಂಚಿನವರೆಲ್ಲ ತಿರುಗಿ ನೋಡುತ್ತಾರೆ. ಅಡಿವೆವ್ವ ಬಾನೆಟ್ಟು ಮುಚ್ಚಿ, ಉಳಿದ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಈಗ ಹುಬ್ಬಳ್ಳಿ ತನಕ ಹೋಗ್ಲಿ. ವೈರು ಸುಡಂಗಿಲ್ಲ."