ಹತ್ತಿ ತುಂಬಿದ ಮನೆಯಲ್ಲಿ ಗ್ರಿಲ್ ಪಳಗಿಸಿದ್ದು

ನಾನು ಹುಟ್ಟಾ ಹೆದರುಪುಕ್ಕಲಿ. ಮನೆಯವರು ಹೇಳಿ ನಗುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಕುಕ್ಕರ್ ಸೀಟಿ ಹೊಡೆದರೆ ಹಿಂದೆ ಸರಿಯುತ್ತೇನೆ. ಮಲಗುವ ಮುಂಚೆ ಗ್ಯಾಸಿನ ಕಿವಿಯನ್ನು ತಿರುವಿ, ಹಾಸಿಗೆಗೆ ಹೋಗಿ, ಮತ್ತೆ ಎದ್ದು ಬಂದು ತಿರುವುತ್ತೇನೆ. ನಾನು ಕಲಿಸುವ ಶಾಲೆಯಿಂದ ಮಕ್ಕಳನ್ನು ಕೆರೆ ನೋಡಲು ಬೋನಾಳಕ್ಕೆ ಕರೆದುಕೊಂಡು ಹೋದಾಗ ಉಳಿದ ಶಿಕ್ಷಕರು ಹಕ್ಕಿ ನೋಡಿದರು, ನಾನು ಮಕ್ಕಳ ತಲೆ ಎಣಿಸಿ ಬಂದೆ. ‘ನಮ್ಮ ಮನಿಗೆ ನಾಯಿ ಬ್ಯಾಡ, ಇವಳಿದ್ದರ ಸಾಕು’ ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಾರೆ. ಬಂದವರು ನಗುತ್ತಾರೆ. ನಗಲಿ, ನನ್ನದೇನು ಹೋಗುತ್ತದೆ.

ಆದರೆ ಚಳಿಗಾಲದಲ್ಲಿ ನನ್ನ ಹೆದರಿಕೆಗೆ ಸರಿಯಾದ ಕಾರಣವೇ ಇರುತ್ತದೆ. ದೋರನಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಹೊಲದಿಂದ ಬಿಡಿಸಿ ತಂದ ಹತ್ತಿಯನ್ನು ಮಾರುವವರೆಗೂ ಪಡಸಾಲೆಯಲ್ಲೇ ಸುರಿದುಕೊಳ್ಳುತ್ತೇವೆ. ಊರಿನ ಅರ್ಧ ಮನೆಗಳದೂ ಇದೇ ಕತೆ. ಆ ವರ್ಷ ಹತ್ತಿ ಗೋಡೆಯ ಮೇಲಿನ ಬುದ್ಧನ ಪಟದ ಎದೆಯವರೆಗೆ ಏರಿತ್ತು. ಅಡುಗೆಮನೆಗೆ ಹೋಗಲು ಗೋಡೆಗುಂಟ ಒಂದು ಸಣ್ಣ ಓಣಿ ಮಾತ್ರ ಉಳಿದಿತ್ತು. ಹತ್ತಿಯ ಹುಳು ಕಡಿದು ಎಲ್ಲರ ಮೈಗೂ ತುರಿಕೆ. ಬೀಡಿ ಸೇದುವ ನೆಂಟರನ್ನು ಅಂಗಳದಲ್ಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದೆವು. ಅವರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅವರ ಮನೆಯಲ್ಲೂ ಹತ್ತಿ ಇರುತ್ತಿತ್ತಲ್ಲ.

ಅಂಥ ಮನೆಗೆ ನನ್ನ ಗಂಡ ಗ್ರಿಲ್ ತಂದರು.

ಅವರು ನಾರಾಯಣಪುರದಲ್ಲಿ ನೀರಾವರಿ ಕಚೇರಿಯ ಗುಮಾಸ್ತರು, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಅಲ್ಲಿ ಕ್ವಾರ್ಟರ್ಸಿನಲ್ಲಿ ಯಾರೋ ಡ್ಯಾಮಿನ ಮೀನನ್ನು ಗ್ರಿಲ್ಲಿನ ಮೇಲೆ ಸುಟ್ಟು ತಿನ್ನಿಸಿದ್ದರಂತೆ. ಅಂದಿನಿಂದ ನನ್ನ ಕೈಯ ಮೀನಿನ ಸಾರು ಅವರಿಗೆ ಸಪ್ಪೆಯಾಯಿತು. ಶಹಾಪುರದ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ, ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕಾಲು ಇಡಿಸಿ, ಮೇಲೆ ಜಾಲರಿ, ಅದರ ಮೇಲೊಂದು ಮುಚ್ಚಳ ಮಾಡಿಸಿ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದರು. ಮುಂದಿನ ಭಾನುವಾರ ಸುರಪುರದಿಂದ ನನ್ನ ಅಣ್ಣ ಹೆಂಡತಿ ಮಕ್ಕಳೊಂದಿಗೆ ಊಟಕ್ಕೆ ಬರುವವನಿದ್ದ. ಅಷ್ಟರಲ್ಲಿ ಗ್ರಿಲ್ ಪಳಗಬೇಕು ಎಂಬುದು ಅವರ ಲೆಕ್ಕ.

ಹೊಸ ಗ್ರಿಲ್ಲಿನ ಮೇಲೆ ನೇರವಾಗಿ ಅಡುಗೆ ಮಾಡಬಾರದಂತೆ. ಸೋಪಿನ ನೀರಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಒಳಗೆಲ್ಲ ತೆಳುವಾಗಿ ಎಣ್ಣೆ ಸವರಿ, ಏನನ್ನೂ ಬೇಯಿಸದೆ ಬರೀ ಬೆಂಕಿ ಹಾಕಿ ಚೆನ್ನಾಗಿ ಕಾಯಿಸಬೇಕು. ಹಳೆಯ ವಾಸನೆ, ವೆಲ್ಡಿಂಗಿನ ಕೊಳೆ ಎಲ್ಲ ಸುಟ್ಟುಹೋಗಿ, ಎಣ್ಣೆ ಕಬ್ಬಿಣಕ್ಕೆ ಹಿಡಿದು ಕಪ್ಪಗೆ ಕೂರಬೇಕು. ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಗಂಡ ದೊಡ್ಡ ವಿದ್ಯೆಯಂತೆ ಹೇಳುತ್ತಿದ್ದರೆ, ಅತ್ತೆ ಸೊಪ್ಪು ಸೋಸುತ್ತ ಕೇಳಿಸಿಕೊಂಡರು. ರೊಟ್ಟಿ ಹಂಚು ಪಳಗಿಸಲು ತನಗೆ ಒಂದು ಉಳ್ಳಾಗಡ್ಡಿ ಹೋಳು, ಒಂದು ಚಮಚ ಎಣ್ಣೆ ಸಾಕಾಗಿತ್ತೆಂದೂ, ಅದಕ್ಕೆ ಯಾವ ಫೋನೂ ಬೇಕಾಗಿರಲಿಲ್ಲವೆಂದೂ ಸೊಪ್ಪಿಗೇ ಹೇಳಿಕೊಂಡರು.

ನಾನು ಇದೆಲ್ಲ ಹೊಲದಲ್ಲಿ ಮಾಡೋಣ ಎಂದೆ. ಹೊತ್ತು ಒಯ್ಯುವವರು ಯಾರು ಎಂದರು ಗಂಡ. ಹತ್ತಿ ಮಾರಿದ ಮೇಲೆ ಮಾಡೋಣ ಎಂದೆ. ಅಣ್ಣನಿಗೆ ಆಗಲೇ ಮಾತು ಕೊಟ್ಟಾಗಿದೆ ಎಂದರು. ಕೊನೆಗೆ ಅಂಗಳದ ತುದಿಯಲ್ಲಿ, ಮನೆಯಿಂದ ದೂರ, ಕಾಂಪೌಂಡಿನ ಮೂಲೆಗೆ ಇಡಿಸಿದೆ. ಎರಡು ಕೊಡ ನೀರು ತಂದಿಟ್ಟೆ. ಪಡಸಾಲೆಯ ಕಿಟಕಿಯನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಿದೆ. ಗಂಡ ಸೊಂಟಕ್ಕೆ ಟವೆಲ್ ಸುತ್ತಿ ನಿಂತು ಇದನ್ನೆಲ್ಲ ನೋಡುತ್ತ, ಯಾದಗಿರಿಯಿಂದ ಅಗ್ನಿಶಾಮಕದವರನ್ನೂ ಕರೆಸೋಣವೇ ಎಂದು ಕೇಳಿದರು.

ನನ್ನ ಮಗಳಿಗೆ ಆಗ ಐದು ವರ್ಷ. ಅವಳು ಅಪ್ಪನ ಮಗಳು. ಹೆದರಿಕೆ ಎಂಬುದೇ ಗೊತ್ತಿರಲಿಲ್ಲ. ಓತಿಕ್ಯಾತದ ಬಾಲ ಹಿಡಿಯುವವಳು, ಮಾಳಿಗೆಯ ನಿಚ್ಚಣಿಕೆಯನ್ನು ತಲೆಕೆಳಗಾಗಿ ಇಳಿಯುವವಳು. ಅವಳನ್ನು ಬಯ್ಯುತ್ತಿದ್ದೆ, ಆದರೆ ಒಳಗೊಳಗೆ ಖುಷಿಯೂ ಇತ್ತು. ನನ್ನ ಅವ್ವ ಹೆದರುತ್ತಿದ್ದಳು, ಅವಳ ಅವ್ವ ಹೆದರುತ್ತಿದ್ದಳು. ಇದೊಂದು ಸಾಲು ನನ್ನಲ್ಲಿಗೆ ಮುಗಿಯಿತಲ್ಲ ಎಂಬ ಸಮಾಧಾನ.

ಇದ್ದಿಲು ಕೆಂಪಗಾಗುತ್ತಲೇ ಆಕೆ ಗ್ರಿಲ್ಲಿನ ಹತ್ತಿರ ಹೋಗಿ ಕೈ ಚಾಚಿದಳು. ಒಮ್ಮೆ ಎಳೆದುಕೊಂಡು ಬಂದೆ. ಮತ್ತೆ ಹೋದಳು. ಮೂರನೆಯ ಸಲ ರಟ್ಟೆ ಹಿಡಿದು ಮನೆಯೊಳಗೆ ಬಿಟ್ಟು, ಬಾಗಿಲು ಮುಂದೆ ಮಾಡಿ ಬಂದೆ. ಎಣ್ಣೆ ಹೊಗೆಯಾಡತೊಡಗಿತ್ತು. ಗಂಟಲು ಕೆರೆಯುವ ದಟ್ಟ ಹೊಗೆ. ಅಂಗಳ, ಮನೆ, ಸೀರೆಯ ಸೆರಗು, ಎಲ್ಲಕ್ಕೂ ಸುಟ್ಟ ಎಣ್ಣೆಯ ವಾಸನೆ ಹತ್ತಿತು. ಅತ್ತೆ ಕೆಮ್ಮುತ್ತ ಬೇವಿನ ಬುಡಕ್ಕೆ ಹೋಗಿ ಕುಳಿತರು.

ಇದ್ದಿಲಿನ ಕಾವು ಸಾಲದು ಎನ್ನಿಸಿತು ಗಂಡನಿಗೆ. ಕಾಂಪೌಂಡಿನ ಪಕ್ಕದಲ್ಲಿ ಒಲೆಗೆಂದು ಒಟ್ಟಿದ್ದ ತೊಗರಿಕಟ್ಟಿಗೆ ಇತ್ತು. ಬೇಡ ಎನ್ನುವಷ್ಟರಲ್ಲಿ ಎರಡು ಕೈಯಲ್ಲಿ ಬಾಚಿ ಒಳಗೆ ಹಾಕಿದರು. ತೊಗರಿಕಟ್ಟಿಗೆಯ ಸ್ವಭಾವ ಈ ಸೀಮೆಯ ಪ್ರತಿ ಹೆಂಗಸಿಗೂ ಗೊತ್ತು. ಭಗ್ಗನೆ ಹತ್ತುತ್ತದೆ, ಚಟಪಟ ಸಿಡಿಯುತ್ತದೆ, ಕಿಡಿಯನ್ನು ಮಾಳಿಗೆಯೆತ್ತರಕ್ಕೆ ಹಾರಿಸುತ್ತದೆ. ಒಲೆಯಲ್ಲಾದರೆ ಮೇಲೆ ಪಾತ್ರೆ ಕೂತಿರುತ್ತದೆ. ಇಲ್ಲಿ ಮುಚ್ಚಳ ತೆರೆದೇ ಇತ್ತು.

ಕಿಡಿಗಳು ಮೇಲೆದ್ದವು. ಒಳ್ಳೆ ಬಿಸಿಲು, ಕಣ್ಣಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಎಲ್ಲ ಬೂದಿಯಾಗಿ ಉದುರಿದವು, ಒಂದು ಮಾತ್ರ ಉದುರಲಿಲ್ಲ. ಗಾಳಿಗೆ ಸಿಕ್ಕು ಮಾಳಿಗೆಯ ಮೇಲೆ ಹೋಯಿತು. ಅಲ್ಲಿ ಪಡಸಾಲೆಗೆ ಬೆಳಕು ಬರಲೆಂದು ಬಿಟ್ಟ ಬೆಳಕಿಂಡಿ ಇದೆ. ಮಳೆಗಾಲದಲ್ಲಿ ಅದರ ಮೇಲೆ ಗಡಿಗೆ ಬೋರಲು ಹಾಕುತ್ತೇವೆ, ಉಳಿದ ಕಾಲಕ್ಕೆ ಅದು ಬಾಯಿ ತೆರೆದೇ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿದ ನನಗೆ ಅದು ನೆನಪೇ ಆಗಿರಲಿಲ್ಲ. ಕಿಡಿ ಅಲ್ಲಿಗೆ ಹೋಗಿ ಕಣ್ಣಿಂದ ಮರೆಯಾಯಿತು.

ಬೆಳಕಿಂಡಿಯತ್ತ ಕೈ ತೋರಿಸಿದೆ. ಹೇಳಿದರೆ ಗಂಡ ನಕ್ಕರು. ಅದು ಬೂದಿ, ಹಗ್ಗ ಕಂಡರೂ ಹಾವು ಅನ್ನುವವಳು ನೀನು ಎಂದರು. ನಾನು ಒಳಗೆ ಓಡಿದೆ.

ಪಡಸಾಲೆಯಲ್ಲಿ ಹತ್ತಿ ಬೆಳ್ಳಗೆ ತಣ್ಣಗೆ ಬಿದ್ದಿತ್ತು. ಜ್ವಾಲೆಯಿಲ್ಲ, ಹೊಗೆಯಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಹೊರಗಿನ ಹೊಗೆಯೇ ಮನೆಯಲ್ಲೆಲ್ಲ ತುಂಬಿತ್ತು. ಮೂಸಿ ನೋಡಿದೆ. ಸುಟ್ಟ ಎಣ್ಣೆ ಮಾತ್ರ ಮೂಗಿಗೆ ಬಂತು. ಹತ್ತಿಗೆ ಬಿದ್ದ ಬೆಂಕಿ ಕೂಡಲೇ ಉರಿಯುವುದಿಲ್ಲ. ಒಳಗಿಳಿದು, ಸದ್ದಿಲ್ಲದೆ, ದಾರಿ ಮಾಡಿಕೊಂಡು ತಿನ್ನುತ್ತ ಹೋಗುತ್ತದೆ. ಗಾಳಿ ಸಿಕ್ಕ ಕ್ಷಣ ಎದ್ದು ನಿಲ್ಲುತ್ತದೆ. ಆಮೇಲೆ ಬಾಗಿಲು ಹುಡುಕಲೂ ಪುರಸೊತ್ತು ಇರುವುದಿಲ್ಲ.

ಮಗಳನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದು ಕೂಗಿದೆ. ಉತ್ತರವಿಲ್ಲ. ಅಡುಗೆಮನೆಯಲ್ಲಿ ಇರಲಿಲ್ಲ. ಬಚ್ಚಲಲ್ಲಿ ಇರಲಿಲ್ಲ. ಹಿತ್ತಲ ಬಾಗಿಲಿನ ಅಗಳಿ ಅವಳಿಗೆ ಎಟುಕದಷ್ಟು ಮೇಲೆ, ಹಾಕಿದ್ದು ಹಾಕಿದಂತೆಯೇ ಇತ್ತು. ಆಗ ಹತ್ತಿಯ ರಾಶಿಯ ಬುಡದಲ್ಲಿ ಒಂದು ಕುಸಿದ ಗುಂಡಿ ಕಂಡಿತು. ಹತ್ತಿಯ ಕಾಲದಲ್ಲಿ ನಮ್ಮೂರಿನ ಮಕ್ಕಳೆಲ್ಲ ಮಾಡುವ ಆಟ ಅದು. ರಾಶಿಯೊಳಗೆ ಬಿಲ ತೋಡಿ ನುಗ್ಗುತ್ತವೆ, ಮೇಲಿನ ಹತ್ತಿ ಜಾರಿ ಬಾಯಿ ಮುಚ್ಚುತ್ತದೆ.

ಬೆಂಕಿಯಿಂದ ದೂರ ಇರಲಿ ಎಂದು ಅವಳನ್ನು ಒಳಗೆ ಬಿಟ್ಟವಳು ನಾನು. ನನ್ನ ಬಾಯಿಂದ ಬಂದ ಸದ್ದು ಎಂಥದ್ದೋ, ಗಂಡ ಓಡಿ ಬಂದರು. ಅವರ ಮುಖದ ನಗೆ ಅಲ್ಲೇ ಹೋಯಿತು. ಮೂಲೆಯಲ್ಲಿದ್ದ ಕುಂಟೆಯ ಕೋಲು ಹಿಡಿದು ರಾಶಿಯನ್ನು ಎಳೆಯಲು ಹೋದರು. ಬಾಗಿಲಲ್ಲಿ ನಿಂತ ಅತ್ತೆ ತಡೆದರು.

“ಕೆದರಬ್ಯಾಡ. ಗಾಳಿ ಹೊಕ್ಕರ ಭಗ್ ಅಂತದ. ಕೈ ಹಾಕಿ ನೋಡ್ರಿ, ಬಿಸಿ ಎಲ್ಲದ ಅಂತ.”

ಹತ್ತಿಯಲ್ಲಿ ಕೈ ಹಾಕಿದೆ. ಮೊಣಕೈವರೆಗೆ, ಆಮೇಲೆ ಭುಜದವರೆಗೆ. ಚಳಿಗಾಲದ ಹತ್ತಿ ತಣ್ಣಗೆ ಇರುತ್ತದೆ. ಮುಖವನ್ನು ರಾಶಿಗೆ ಒತ್ತಿ, ಕಣ್ಣು ಮುಚ್ಚಿ, ಅಂಗೈಯನ್ನಷ್ಟೇ ನಂಬಿ ತಡವಿದೆ. ಆಗ ಹೊಳೆದ ಒಂದು ಸಂಗತಿ ನನ್ನ ಕೈಕಾಲನ್ನೇ ಕಟ್ಟಿಹಾಕಿತು. ಈ ರಾಶಿಯಲ್ಲಿ ಬಿಸಿ ಇರುವುದು ಎರಡೇ. ಒಂದು ಬೆಂಕಿ, ಇನ್ನೊಂದು ನನ್ನ ಮಗಳು. ಕೈಗೆ ಬಿಸಿ ಹತ್ತಬಾರದು ಎಂದು ಬೇಡಿಕೊಳ್ಳಲೂ ಆಗದು, ಹತ್ತಲಿ ಎಂದು ಬೇಡಿಕೊಳ್ಳಲೂ ಆಗದು. ಅಷ್ಟು ಹೆದರಿಕೆ ನಾನು ಅದಕ್ಕೂ ಮೊದಲು ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ಅಲ್ಲಿಯವರೆಗಿನ ಕುಕ್ಕರ್, ಗ್ಯಾಸು, ಕೆರೆಯೆಲ್ಲ ಹೆದರಿಕೆಯ ಆಟ ಅಷ್ಟೇ. ಅವಳ ಹೆಸರು ಕೂಗುತ್ತಲೇ ಇದ್ದೆ. ಹತ್ತಿ ಸದ್ದನ್ನು ನುಂಗುತ್ತದೆ, ನನ್ನ ದನಿ ನನಗೇ ದೂರದಿಂದ ಕೇಳುತ್ತಿತ್ತು.

ಬೆರಳಿಗೆ ಬೆಚ್ಚಗೆ ಏನೋ ತಗುಲಿತು. ಕೈ ತಾನಾಗಿಯೇ ಹಿಂದಕ್ಕೆ ಬಂತು. ಮತ್ತೆ ಚಾಚಿದೆ. ಬೆಚ್ಚಗೆ, ಮೆತ್ತಗೆ, ತುದಿಯಲ್ಲಿ ಪುಟ್ಟ ಗುಂಡುಗಳು. ಕಾಲಿನ ಬೆರಳು. ಹಿಡಿದು ಎಳೆದೆ. ಬೆವರಿನಿಂದ ತೊಯ್ದ ಮುಖಕ್ಕೆ, ರೆಪ್ಪೆಗೆ, ತುಟಿಗೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಮಗಳು ಈಚೆ ಬಂದಳು. ಕಣ್ಣು ಮುಚ್ಚಿತ್ತು. ಮೂಗಿಗೆ ಬೆರಳಿಟ್ಟೆ, ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳೇ ಸೀನಿದಳು. ಬೆಚ್ಚಗೆ ಹೊಕ್ಕು ಮಲಗಿಬಿಟ್ಟಿದ್ದಳು. ನಿದ್ದೆಗೆಡಿಸಿದ್ದಕ್ಕೆ ಮುಖ ಕಿವುಚಿ ಕಣ್ಣು ತೆರೆದವಳು ನನ್ನ ಮುಖ ನೋಡಿದಳು. ನೋಡಿ, ಅಳಲಿಲ್ಲ, ಸುಮ್ಮನಾದಳು. ಆ ಸುಮ್ಮನಾದದ್ದು ನನಗೆ ಆಗ ಗಮನಕ್ಕೆ ಬರಲಿಲ್ಲ.

ಅವಳನ್ನು ಎತ್ತಿಕೊಂಡು ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂರಿಸಿದೆ. ಒಳಗೆ ಅತ್ತೆ ಮತ್ತು ಗಂಡ ಇನ್ನೂ ತಡವುತ್ತಿದ್ದರು. ಅವಳು ಮಲಗಿದ್ದ ಜಾಗಕ್ಕೆ ಒಂದು ಮೊಳ ದೂರದಲ್ಲಿ, ತಲೆಯಿದ್ದ ಕಡೆಗೇ, ಅತ್ತೆಯ ಕೈಗೆ ಬೆಂಕಿ ಸಿಕ್ಕಿತು. ಮೇಲೆ ನೋಡಿದರೆ ಏನೂ ಇಲ್ಲ. ಹತ್ತಿಯನ್ನು ಮೆಲ್ಲಗೆ ಬಿಡಿಸಿದರೆ ಒಳಗೆ ಮುಷ್ಟಿಯಷ್ಟು ಕರಿಯ ಗೂಡು, ಅದರ ಅಂಚಿಗೆ ಕೆಂಪು ಹರಿದಾಡುತ್ತಿತ್ತಂತೆ. ಗಂಡ ಬುಟ್ಟಿಗೆ ಕಾಯಲಿಲ್ಲ. ಸುತ್ತಲಿನ ಹತ್ತಿ ಸಮೇತ ಬೊಗಸೆಯಲ್ಲಿ ಬಾಚಿ ಎತ್ತಿಕೊಂಡು ಓಡಿ ಬಂದರು. ಗಾಳಿ ತಾಗಿದ್ದೇ ಬೊಗಸೆಯಲ್ಲೇ ಉರಿ ಎದ್ದಿತು. ನಾನು ಕೊಡವನ್ನು ಅವರ ಕೈಯ ಮೇಲೆಯೇ ಬೋರಲು ಹಾಕಿದೆ.

ಒಂದೇ ಕಿಡಿ ಬಿದ್ದಿತ್ತೆಂದು ಹೇಳುವವರು ಯಾರು? ಪಕ್ಕದ ಮನೆಯವರೂ ಬಂದರು. ಚಾದರ, ದುಪಟಿ, ಸೀರೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹತ್ತಿಯನ್ನು ಹೊತ್ತು ತಂದು ಅಂಗಳದ ತುಂಬ ಹರವಿದೆವು. ಹೊತ್ತು ಇಳಿಯುವ ತನಕ ಎಲ್ಲರೂ ಮಂಡಿಯೂರಿ ಅಂಗೈ ಆಡಿಸುತ್ತ ಒಂದೊಂದೇ ಮಗ್ಗುಲನ್ನು ತಡವಿದೆವು. ಇನ್ನೆಲ್ಲೂ ಬಿಸಿ ಸಿಗಲಿಲ್ಲ. ಮಗಳು ಕಟ್ಟೆಯ ಮೇಲಿಂದ ಇಳಿಯದೆ ನಮ್ಮನ್ನೇ ನೋಡುತ್ತ ಕುಳಿತಿದ್ದಳು. ಇಳಿಯಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಯಾರೂ ತಿರುಗಿ ನೋಡದಿದ್ದರೂ ಗ್ರಿಲ್ ತನ್ನ ಪಾಡಿಗೆ ತಾನು ಕಾದು, ಆರಿ, ಕರ್ರಗೆ ಹೊಳೆಯುತ್ತ ಚೆನ್ನಾಗಿಯೇ ಪಳಗಿತ್ತು. ಅಂಗೈ ಬೊಕ್ಕೆಗೆ ಅರಿಸಿನದ ಬಟ್ಟೆ ಕಟ್ಟಿಕೊಂಡ ಗಂಡ ಅದನ್ನು ಗುಜರಿಗೆ ಹಾಕುತ್ತೇನೆ ಎಂದರು. ಹಾಕಗೊಡಲಿಲ್ಲ ನಾನು. ಕಬ್ಬಿಣದ ತಪ್ಪೇನು. ಮರುದಿನವೇ ಹತ್ತಿಯನ್ನು ಲಾರಿಗೆ ಹೇರಿಸಿ ಕಳಿಸಿದೆ, ದರದ ಮಾತನ್ನೇ ಎತ್ತಗೊಡಲಿಲ್ಲ.

ಭಾನುವಾರ ಅಣ್ಣನ ಸಂಸಾರ ಬಂತು. ಹೊಲದಲ್ಲಿ ಸುಟ್ಟು ತಂದ ಮೀನು ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಊಟವಾದ ಮೇಲೆ ಬೇವಿನ ನೆರಳಿಗೆ ಕೌದಿ ಹಾಸಿದೆ. ಅಣ್ಣನ ಮಕ್ಕಳು ಹೊರಳಾಡಲು ಬಂದವು. ನನ್ನ ಮಗಳು ಅವರನ್ನು ತಡೆದಳು. ಕೌದಿಯ ಅಂಚಿಗೆ ಮಂಡಿಯೂರಿ, ಎರಡೂ ಅಂಗೈ ಊರಿ, ಈ ತುದಿಯಿಂದ ಆ ತುದಿಗೆ ತಡವುತ್ತ ಹೋದಳು. ಏನು ಹುಡುಕುತ್ತಿರುವೆ ಎಂದು ಅತ್ತಿಗೆ ನಗುತ್ತ ಕೇಳಿದಳು.

“ಬೆಂಕಿ ನೋಡ್ಲಾಕತ್ತೀನಿ.”

ಅತ್ತಿಗೆ ಇನ್ನೂ ನಕ್ಕಳು, ಅಣ್ಣನೂ ನಕ್ಕ. ನಾನು ಗಂಡನ ಮುಖ ನೋಡಿದೆ, ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಬೆಂಕಿಯಿಂದ ಅವಳನ್ನು ಈಚೆ ಎಳೆದದ್ದು ನಿಜ. ಅವಳು ಕಣ್ಣು ತೆರೆದಾಗ ಮೊದಲು ಕಂಡದ್ದು ನನ್ನ ಮುಖ, ಅದೂ ನಿಜ. ಇಲ್ಲಿ ಬೆಂಕಿ ಇಲ್ಲ, ಮಲಗು ಬಾ ಎಂದು ಕೌದಿಯ ಮೇಲೆ ಕುಳಿತು ಅವಳನ್ನು ಎಳೆದುಕೊಳ್ಳಲು ಹೋದೆ. ನಂಬಲಿಲ್ಲ. ಕೊಸರಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ನಾನು ಕುಳಿತಿದ್ದ ಜಾಗವನ್ನೂ ಅಂಗೈಯಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ನನ್ನ ಕೆನ್ನೆ ಮುಟ್ಟಿ ಹೇಳಿದಳು.

“ಅವ್ವಾ, ನಿನ್ನ ಕಡಿನೂ ಬೆಂಕಿ ಇಲ್ಲ. ಮಲಕೋ.”

ನಾನು ಮಲಗಿದೆ.