ಗಾಳಿಯಲ್ಲಿ ಸೆಲೆ ಹುಡುಕುವ ನಿರ್ಮಲಾ

ಬ್ಯಾಡಗಿಯ ಮೆಣಸಿನಕಾಯಿ ಓಣಿ, ಮಾಘದ ಬೆಳಗು. ಎರಡೂ ಬದಿಗೆ ಚೀಲಗಳ ಒಟ್ಟಿಲು. ಎಳೆಬಿಸಿಲು ಚೀಲದ ಬಾಯಿಯ ಕೆಂಪನ್ನು ಮುಟ್ಟಿ ಅಲ್ಲೇ ತಂಗಿದೆ. ನಡುವೆ, ಅಂಗೈ ಮೇಲೆ ತೆರೆದ ಲ್ಯಾಪ್‌ಟಾಪ್ ಹೊತ್ತು, ಮೂಗಿಗೆ ಸೆರಗು ಹಿಡಿದು, ಉಸಿರನ್ನೂ ತಡೆದಂತೆ ಒಬ್ಬ ಹೆಣ್ಣುಮಗಳು ನಿಂತಿದ್ದಾರೆ. ಹಮಾಲರು ಅವರನ್ನು ಬಳಸಿಕೊಂಡು ಹೋಗುತ್ತಾರೆ.

ಇವರು ಹಲಗೇರಿಯ ನಿರ್ಮಲಾ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಲ್ಲಿ ಒಂದೇ ಇಂಟರ್ನೆಟ್ಟನ್ನು ಹಂಚಿಕೊಂಡ ಕಂಪ್ಯೂಟರುಗಳು ಮುನಿಸಿಕೊಂಡರೆ ಕರೆ ಬರುವುದು ಇವರಿಗೆ. ತಂದೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು, ಅದು ಎದ್ದು ನಿಂತಲ್ಲಿ ನೀರಿದೆಯೆಂದು ಹೊಲಗಳಲ್ಲಿ ಸೆಲೆ ನೋಡುತ್ತಿದ್ದವರು. "ಹೆಣ್ಣಮಕ್ಕಳ ಕೈಯಾಗ ಕಾಯಿ ಏಳಂಗಿಲ್ಲ ಅಂತಿದ್ದರ್ರಿ ಅಪ್ಪ. ಸಿಗ್ನಲ್ ಏಳತೈತಿ ನೋಡ್ರಿ!" ಎಂದು ನಗುತ್ತಾರೆ. 2006ರಲ್ಲಿ ರಾಣೆಬೆನ್ನೂರಿನ ಸೈಬರ್ ಅಂಗಡಿಯೊಂದರಲ್ಲಿ ಕೆಲಸ ಕಲಿತರು. "ಗಂಡಸರು ಯಾರೂ ಇಲ್ಲೇನು?" ಎಂದು ಹೊಸ್ತಿಲಿಂದಲೇ ಮರಳಿಸಿದವರೂ ಉಂಟು.

ಇಂದಿನ ತಕರಾರು ಅಣ್ಣ-ತಂಗಿಯದು. ಸಂಪರ್ಕವಿರುವುದು ಅಣ್ಣ, ದಲಾಲಿ ಪ್ರಭುಲಿಂಗಪ್ಪನವರ ಅಂಗಡಿಯಲ್ಲಿ. ಎದುರಿನ ಖಾರದಪುಡಿ ಗಿರಣಿಯ ತಂಗಿ ಪುಷ್ಪಲತಾಗೆ ಅದು ತಂತಿಯಿಲ್ಲದೆ ಗಾಳಿಯಲ್ಲೇ ದಾಟಿ ಬರಬೇಕು. ಮೂರು ದಿನದಿಂದ ಬರುತ್ತಿಲ್ಲ. ಹತ್ತು ಗಂಟೆಯೊಳಗೆ ದರಪಟ್ಟಿ ಇ-ಮೇಲ್ ಆಗದಿದ್ದರೆ ವರ್ಷದ ದೊಡ್ಡ ಆರ್ಡರ್ ಬೇರೆಯವರ ಪಾಲು. ಅಣ್ಣನ ಕಂಪ್ಯೂಟರಿನಿಂದ ಕಳಿಸಬಹುದಲ್ಲ?

"ನನ್ನ ದರ ಅಂವಗ ಯಾಕ ತೋರಸ್ಲಿ? ನಾಳೆ ನನಗ ಮೆಣಸಿನಕಾಯಿ ಮಾರಾಂವ ಅಂವನ!" ಎನ್ನುತ್ತಾರೆ ಪುಷ್ಪಲತಾ.

"ನನ್ನ ಕಂಪ್ಯೂಟರ್‌ನಾಗ ಚಲೋ ಬರತೈತಿ. ಆಕೀದು ಮುದುಕಿ ಆಗೈತಿ," ಅಣ್ಣನ ಉತ್ತರ.

ನಿರ್ಮಲಾ ವಾದಕ್ಕಿಳಿಯುವುದಿಲ್ಲ. ಓಣಿ ದಾಟಿ ಅಣ್ಣನ ಅಂಗಡಿಗೆ ಹೋಗುತ್ತಾರೆ; ಪುಷ್ಪಲತಾ ಬೆನ್ನಿಗೇ ಬರುತ್ತಾರೆ. ಅಲ್ಲಿಯೂ ನಿರ್ಮಲಾರ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಸೊರಗಿಯೇ ಇದೆ. ಹಾಗಾದರೆ ತಪ್ಪು ತಂಗಿಯ ಕಂಪ್ಯೂಟರಿನದಲ್ಲ.

"ಅಣ್ಣಾರ, ನೆಟ್ಟಿನ ಡಬ್ಬಿ ಎಲ್ಲೈತ್ರಿ?"

"ಟ್ರಂಕಿನಾಗ! ಖಾರಾ ಹೊಕ್ಕೀತಂತ ಮೂರು ದಿನದ ಹಿಂದ ಕೀಲಿ ಹಾಕಿ ಜ್ವಾಕಿ ಇಟ್ಟೇನಿ."

ತಗಡಿನ ಟ್ರಂಕಿಗೆ ತೂತು ಕೊರೆದು ತಂತಿಯನ್ನಷ್ಟೇ ಹೊರಗೆ ಬಿಟ್ಟಿದ್ದಾರೆ. ನಿರ್ಮಲಾ ಟ್ರಂಕನ್ನು ತಟ್ಟುತ್ತಾರೆ. "ನಿಮಗ ತಂತಿ ಐತಿ, ನಡೀತು. ಅಕ್ಕಾರಿಗೆ ತಗಡು ದಾಟಿ ಹ್ಯಾಂಗ ಹೋಗಬೇಕ್ರಿ?"

"ಮೂರು ದಿನ ಸುಳ್ಳs ಮುದುಕಿ ಅಂದ್ಯಲ್ಲೊ ಯಣ್ಣಾ!" ತಂಗಿಯ ನಗೆಗೆ ಅಣ್ಣನೂ ಸೋಲುತ್ತಾರೆ.

ಡಬ್ಬಿ ಈಗ ತೆಳ್ಳನೆಯ ಬಟ್ಟೆಯ ಮುಸುಕಿನಲ್ಲಿ, ಓಣಿಯ ಕಡೆಯ ಕಿಟಕಿಯಲ್ಲಿ ಕುಳಿತಿದೆ. ಗಿರಣಿಯಲ್ಲಿ ಗಡಿಯಾರ ನೋಡುತ್ತ ಪುಷ್ಪಲತಾ ಗುಂಡಿ ಒತ್ತುತ್ತಾರೆ. "ಹೋತು, ಹೋತು!"

ಇನ್ನೇನು ಆಸೆ ಎಂದು ಕೇಳಿದರೆ ನಿರ್ಮಲಾ ಚೀಲ ಹೆಗಲಿಗೇರಿಸುತ್ತಾರೆ. "ಬೀಸುವಾಗ ಗಿರಣಿ ಬಾಗಲಾ ಹಾಕೇ ಹಾಕ್ತಾರ್ರಿ. ಹಾಕಿದ ಮ್ಯಾಲೂ ಸಿಗ್ನಲ್ ಬರಬೇಕು, ನನ್ನ ತಿರುಗಿ ಕರೀಬಾರದು. ಅಷ್ಟರಿ."

ಅವರು ಓಣಿಗಿಳಿಯುತ್ತಾರೆ. ಒಳಗೆ ಗಿರಣಿ ಗುಡುಗತೊಡಗುತ್ತದೆ. ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.