ಸುಣ್ಣ ಹೊಡೆದ ಸಾಲು

ಊರೆಲ್ಲ ಸಾಫ್ಟ್‌ವೇರ್ ಕಂಪನಿಗಳ ಫ್ಲೆಕ್ಸ್ ತೂಗುತ್ತಿದ್ದಾಗಲೂ ಕುಷಾಯಿಗೂಡ ಬಡಾವಣೆಯ ಬೋರ್ಡ್ ಬರೆಯುವ ಪೇಂಟರೊಬ್ಬರು ಬ್ರಷ್ ಬಿಟ್ಟಿರಲಿಲ್ಲ. ಬೀದರ್ ಕಡೆಯವರು. ಬರೆಯುವ ಮುಂಚೆ ಗೋಡೆಯನ್ನು ಅಂಗೈಯಿಂದ ಸವರುವರು. ಯಾರು ಏನೇ ಅಂದರೂ, "ನೀವು ಹೇಳಿದಷ್ಟ ಮಾಡ್ತೀನ್ರಿ" ಎನ್ನುವರು.

ನಮ್ಮ ಕನ್ನಡ ವಾಚನಾಲಯದ ಗೋಡೆಯ ಮೇಲೆ ಹುಡುಗಿಯೊಬ್ಬಳ ಕವಿತೆಯ ಸಾಲನ್ನು ಆಯಿಲ್ ಪೇಂಟಿನಲ್ಲಿ ಬರೆದರು: 'ದೇವರೇ, ನಿನ್ನ ಮನೆಗೆ ಬೀಗ ಯಾಕೆ?' ವಾರದಲ್ಲೇ, ಇದು ಧರ್ಮಕ್ಕೆ ಅವಮಾನವೆಂದು ಗುಂಪೊಂದು ಬಂತು. ವಾಚನಾಲಯದ ಅಧ್ಯಕ್ಷರು ಹೆದರಿ, "ಸುಣ್ಣ ಹೊಡೀರಿ" ಎಂದರು. ಪೇಂಟರ್ ಅಂದೇ ಹೊಡೆದರು. ನಾನು ಸಿಟ್ಟಿಗೆದ್ದು ಅವರೊಡನೆ ಮಾತು ಬಿಟ್ಟೆ.

ತಿಂಗಳೊಳಗೆ ಸುಣ್ಣ ಹಕ್ಕಳೆಯಾಗಿ ಉದುರಿ ಸಾಲು ಮತ್ತೆ ಕಾಣಿಸಿತು. ಹೀಗೇಕಾಯಿತೆಂದು ನಾನೇ ಹೋಗಿ ಪೇಂಟರನ್ನು ಕೇಳಿದೆ.

"ಆಯಿಲ್ ಪೇಂಟ್ ಮ್ಯಾಲ ಸುಣ್ಣ ನಿಲ್ಲಂಗಿಲ್ರಿ," ಎಂದರು. "ಅವರು ಸುಣ್ಣ ಅಂದ್ರು. ಹೇಳಿದಷ್ಟ ಮಾಡೀನಿ."

ಅಧ್ಯಕ್ಷರು ಮತ್ತೆ ಕರೆಸಿದರು. ಆಗಲೂ ಪೇಂಟರ್ ತಂದದ್ದು ಸುಣ್ಣದ ಬಕೀಟೇ.